ಸಡಿಲ ಸೊಂಟ, ತುಕ್ಕು ತಿರುಪು, ಹಳದಿಯಾದ ಬಿಳುಪು: ಎರಡು ರೀಇಶ್ಯೂ ರೋಬೋಗಳ ದುರಸ್ತಿ ದಾಖಲೆ

ಮೇಜಿನ ಮೇಲಿರುವುದು ಎರಡು ಟ್ರಾನ್ಸ್‌ಫಾರ್ಮರ್ಸ್ ಆಟಿಕೆ, ವಾಹನದಿಂದ ರೋಬೋಟ್ ಆಗಿ ರೂಪ ಬದಲಿಸುವಂಥವು. ಎರಡೂ ರೀಇಶ್ಯೂ, ಅಂದರೆ ಹಳೆಯ ವಿನ್ಯಾಸದಲ್ಲಿ ಮತ್ತೆ ತಯಾರಾದವು. ಮೊದಲನೆಯದು ಅಮೆರಿಕದ ಹ್ಯಾಸ್ಬ್ರೋ ಕಂಪನಿ 2002ರಲ್ಲಿ ಕಮೆಮರೇಟಿವ್ ಸೀರೀಸ್ ಹೆಸರಲ್ಲಿ ಹೊರತಂದ ಆಪ್ಟಿಮಸ್ ಪ್ರೈಮ್, ಟ್ರೇಲರ್ ಸಮೇತ. ಎರಡನೆಯದು ಅದೇ ಸಾಲಿನ ಪ್ರೌಲ್, ಪೊಲೀಸ್ ಗುರುತಿನ ನಿಸ್ಸಾನ್ ಫೇರ್‌ಲೇಡಿ ಝಡ್ ಕಾರು. ಎರಡೂ ಸೆಕೆಂಡ್ ಹ್ಯಾಂಡ್. ಎರಡೂ ಕರಾವಳಿಯ ಮನೆಯಲ್ಲಿ, ಗಾಳಿಯಾಡದ ಕಪಾಟಿನೊಳಗೆ ಹಲವು ಮಳೆಗಾಲ ಕಳೆದಿವೆ. ಆ ಕಪಾಟಿನ ಕಥೆ ಆಟಿಕೆಯ ಮೈಮೇಲೇ ಬರೆದಿದೆ: ತಿರುಪುಗಳ ತಲೆ ಕಂದು, ಸ್ಟಿಕ್ಕರಿನ ಮೂಲೆಗಳು ಎದ್ದಿವೆ, ಲೋಹದ ಭಾಗದ ಸಂದಿಯಲ್ಲಿ ಬಿಳಿ ಪುಡಿ.

ಪ್ರೈಮ್‌ನ ಪಟ್ಟಿ: ಬಲಗಾಲು ಸೊಂಟದಿಂದ ಜೋತುಬೀಳುತ್ತದೆ. ಎಡಮುಷ್ಟಿ ಗೂಟದಲ್ಲಿ ನಿಲ್ಲುವುದಿಲ್ಲ. ಟ್ರೇಲರಿನಿಂದ ರೋಲರ್ ಎಂಬ ಪುಟ್ಟ ಗಾಡಿಯನ್ನು ಚಿಮ್ಮಿಸುವ ಸ್ಪ್ರಿಂಗು ಸತ್ತಿದೆ. ಟ್ರೇಲರನ್ನು ನಿಲ್ಲಿಸುವ ಕಾಲುಗಳಲ್ಲಿ ಒಂದರ ಗೂಟ ಮುರಿದಿದೆ. ಕ್ರೋಮು ಅಂಚುಗಳಲ್ಲಿ ಸವೆದಿದೆ. ಪ್ರೌಲ್‌ನದು ಒಂದೇ ದೊಡ್ಡ ದೂರು: ಬಿಳಿ ಭಾಗಗಳು ಹಳೆಯ ಸ್ವಿಚ್‌ಬೋರ್ಡಿನ ಬಣ್ಣಕ್ಕೆ ತಿರುಗಿವೆ, ಅದೂ ಬೆಳಕು ಬಿದ್ದ ಮಗ್ಗುಲಲ್ಲಿ ಹೆಚ್ಚು.

ಈ ಅಚ್ಚುಗಳ ವಂಶ ತಿಳಿದಿದ್ದರೆ ಬಿಚ್ಚುವಾಗ ಅರ್ಧ ಗೊಂದಲ ಕಡಿಮೆ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಸಾಲಿನಲ್ಲಿ ಬ್ಯಾಟಲ್ ಕಾನ್ವಾಯ್ ಬಂದದ್ದು 1983ರಲ್ಲಿ. ಅದೇ ಪ್ರೈಮ್‌ನ ಮೂಲ; ಜಪಾನಿನಲ್ಲಿ ಪ್ರೈಮ್‌ಗೆ ಕಾನ್ವಾಯ್ ಎಂದೇ ಹೆಸರು. ಹ್ಯಾಸ್ಬ್ರೋ ಅದರ ಹಕ್ಕು ಪಡೆದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಮಾಡಿತು. ಪ್ರೌಲ್ ಕೂಡ ಡಯಾಕ್ಲೋನ್ ಕಾರ್ ರೋಬೋಟ್. ಬ್ಲೂಸ್ಟ್ರೀಕ್, ಸ್ಮೋಕ್‌ಸ್ಕ್ರೀನ್ ಅದೇ ಅಚ್ಚಿನ ಅಣ್ಣತಮ್ಮಂದಿರು. ಕಾನ್ವಾಯ್‌ನ ಎದೆಯ ಕಿಟಕಿ ತೆರೆಯುವುದಕ್ಕೆ ಕಾರಣ ಡಯಾಕ್ಲೋನ್‌ನ ಪುಟ್ಟ ಪೈಲಟ್ ಗೊಂಬೆ; ಅವನು ಹೋದ, ಕಿಟಕಿ ಉಳಿಯಿತು. 2000ದಲ್ಲಿ ಟಕಾರಾ ಕಾನ್ವಾಯನ್ನು ಮರಳಿ ತಂದಿತು, ಆಮೇಲೆ ಪುಸ್ತಕದಂತೆ ತೆರೆಯುವ ಡಬ್ಬದ ಟ್ರಾನ್ಸ್‌ಫಾರ್ಮರ್ ಕಲೆಕ್ಷನ್, 2007ರಿಂದ ಟಕಾರಾ ಟೋಮಿಯ ಆಂಕೋರ್, 2018ರಿಂದ ಅಮೆರಿಕದ ವಾಲ್‌ಮಾರ್ಟ್ ಮಳಿಗೆಗಳ ರೀಇಶ್ಯೂಗಳು ಬಂದವು. 2024ರ ಮಿಸ್ಸಿಂಗ್ ಲಿಂಕ್ ಕಾನ್ವಾಯ್ ಮಾತ್ರ ಬೇರೆ ಜಾತಿ: ನೋಟ ಹಳೆಯದು, ಕೀಲುಗಳೆಲ್ಲ ಹೊಸ ವಿನ್ಯಾಸ. ಕೆಳಗಿನ ವಿಧಾನಗಳನ್ನು ಅದಕ್ಕೆ ಹಚ್ಚಬೇಡಿ.

ರೀಇಶ್ಯೂ ಎಂದರೆ ಹೊಸ ಪ್ಲಾಸ್ಟಿಕ್ಕಿನಲ್ಲಿ ಹಳೆಯ ಯಂತ್ರವಿನ್ಯಾಸ. ಸಡಿಲವಾಗುವ ಜಾಗಗಳು 1984ರ ಆಟಿಕೆಯಲ್ಲಿ ಎಲ್ಲಿದ್ದವೋ ಇಲ್ಲಿಯೂ ಅಲ್ಲಿಯೇ. ವ್ಯತ್ಯಾಸ ಬೆಲೆಯಲ್ಲಿ. ಮೂಲ ಪ್ರತಿಗೆ ತಿರುಪುಳಿ ಇಡುವ ಮುನ್ನ ಹತ್ತು ಸಲ ಯೋಚಿಸಬೇಕು, ರೀಇಶ್ಯೂಗೆ ಎರಡು ಸಲ ಸಾಕು. ಹಾಗಾಗಿ ಮೊದಲು ಕಳಚುವ ಮುನ್ನ ಮೈಮೇಲಿನ ಮುದ್ರೆ ಓದಿ. 80ರ ದಶಕದ ಮೊದಲ ಕಂತುಗಳಲ್ಲಿ ಜಪಾನ್ ಎಂದೂ 2000ದ ನಂತರದ ರೀಇಶ್ಯೂಗಳಲ್ಲಿ ಚೀನಾ ಎಂದೂ ಇರುವುದು ಸಾಮಾನ್ಯ. ಮುದ್ರೆಯೇ ಇಲ್ಲದ, ಅಥವಾ ಮುದ್ರೆ ಇದ್ದ ಜಾಗ ಅಚ್ಚಿನಲ್ಲೇ ತೇಪೆ ಹಾಕಿದಂತೆ ಕಾಣುವ ಪ್ರತಿ ನಕಲಿ. ನಕಲಿಯಲ್ಲಿ ಲೋಹ ಇರಬೇಕಾದ ಕಡೆ ಪ್ಲಾಸ್ಟಿಕ್ ಇರಬಹುದು. ಲೋಹವನ್ನು ಕಾಂತದಿಂದ ಪರೀಕ್ಷಿಸಲು ಹೋಗಬೇಡಿ, ಅಚ್ಚುಲೋಹ ಸತುವಿನ ಮಿಶ್ರಣ, ಅದಕ್ಕೆ ಕಾಂತ ಅಂಟುವುದಿಲ್ಲ. ತುಟಿಗೆ ತಾಗಿಸಿದರೆ ತಣ್ಣಗಿರುತ್ತದೆ, ಉಗುರಿನಿಂದ ತಟ್ಟಿದರೆ ಸದ್ದು ಬೇರೆ. ಅಷ್ಟು ಸಾಕು.

ತಿರುಪು ಬಿಚ್ಚುವುದು

ಬೇಕಾದದ್ದು ಜೆಐಎಸ್ (ಜಪಾನೀ ಮಾನಕ) ತಲೆಯ ತಿರುಪುಳಿ, 0 ಮತ್ತು 1ನೇ ಗಾತ್ರ. ಅಂಗಡಿಯಲ್ಲಿ ಸಿಗುವ ಸಾಧಾರಣ ಫಿಲಿಪ್ಸ್ ತಲೆ ಜಪಾನೀ ವಿನ್ಯಾಸದ ತಿರುಪಿನ ತಲೆಯ ಸೀಳಿನಲ್ಲಿ ಪೂರ್ತಿ ಕೂರುವುದಿಲ್ಲ. ಒತ್ತಿ ತಿರುಗಿಸಿದಾಗ ಮೇಲಕ್ಕೆ ಜಾರಿ ಸೀಳನ್ನು ಕೊರೆದುಬಿಡುತ್ತದೆ. ತುಕ್ಕು ಹಿಡಿದ ತಿರುಪಿನಲ್ಲಿ ಇದು ಒಂದೇ ಸಲದ ಆಟ.

ತುಕ್ಕಿನ ತಿರುಪಿಗೆ ಎಣ್ಣೆ ಬಿಡುವ ಚಪಲ ಎಲ್ಲರಿಗೂ ಬರುತ್ತದೆ. ಬೇಡ. ಸ್ಪ್ರೇ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದಾದರೂ ಸರಿ, ಒತ್ತಡದಲ್ಲಿರುವ ಎಬಿಎಸ್ (ಇಂಥ ಆಟಿಕೆಗಳ ಗಟ್ಟಿ ಪ್ಲಾಸ್ಟಿಕ್) ಒಳಗೆ ಇಳಿದು ಅದನ್ನು ಸೀಳಿಸಬಲ್ಲದು. ತಿರುಪು ಕಚ್ಚಿಕೊಂಡಿರುವ ಪ್ಲಾಸ್ಟಿಕ್ ಕಂಬ ಸದಾ ಒತ್ತಡದಲ್ಲೇ ಇರುತ್ತದೆ. ಬಿರುಕು ಅಂದೇ ಕಾಣುವುದಿಲ್ಲ, ವಾರಗಳಾದ ಮೇಲೆ ಬರುತ್ತದೆ. ಎಣ್ಣೆಯ ಬದಲು ಬಿಸಿ: ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ಬಿಸಿ ತುದಿಯನ್ನು ತಿರುಪಿನ ತಲೆಗೆ ಮಾತ್ರ 4–5 ಸೆಕೆಂಡು ತಾಗಿಸಿ ತೆಗೆಯಿರಿ. ತಿರುಪಿನ ಸುತ್ತಲ ಪ್ಲಾಸ್ಟಿಕ್ ಒಂದು ಕೂದಲೆಳೆಯಷ್ಟು ಮೆದುವಾಗಿ ಬಿಗಿತ ಬಿಡುತ್ತದೆ. ತಣಿಯುವ ಮುನ್ನ, ಬಲವಾಗಿ ಕೆಳಗೆ ಒತ್ತಿ, ಕಾಲು ಸುತ್ತು ಮಾತ್ರ ಬಿಚ್ಚಿ. ಬಂದರೆ ಮುಂದುವರಿಸಿ, ಇಲ್ಲದಿದ್ದರೆ ಮತ್ತೆ ಬಿಸಿ. ಕಡ್ಡಿಯನ್ನು 10 ಸೆಕೆಂಡು ಹಿಡಿದರೆ ಕಂಬವೇ ಕರಗಿ ಕೂರುತ್ತದೆ.

ಹೊರಬಂದ ತಿರುಪುಗಳನ್ನು ಜಾಗದ ಪ್ರಕಾರ ಜೋಡಿಸಿಡಿ. ಒಂದು ಥರ್ಮೋಕೋಲ್ ಹಲಗೆಯ ಮೇಲೆ ಆಟಿಕೆಯ ರೇಖಾಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚುವುದು ಎಲ್ಲ ಡಬ್ಬಿಗಳಿಗಿಂತ ಮೇಲು. ಉದ್ದದಲ್ಲಿ 2 ಮಿಮೀ ವ್ಯತ್ಯಾಸ ಕಣ್ಣಿಗೆ ಕಾಣದು, ಆದರೆ ಉದ್ದದ ತಿರುಪು ಗಿಡ್ಡ ಕಂಬಕ್ಕೆ ಹೋದರೆ ಮುಂದಿನ ಮುಖದಲ್ಲಿ ಬಿಳಿ ಚುಕ್ಕೆ ಎದ್ದು ನಿಲ್ಲುತ್ತದೆ.

ತುಕ್ಕು ಮೇಲುಮೇಲಿನದಾಗಿದ್ದರೆ ತಿರುಪನ್ನು ಅಡುಗೆಮನೆಯ ವಿನೆಗರಿನಲ್ಲಿ ಎರಡು ಮೂರು ಗಂಟೆ ಇಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಕೂಡಲೇ ಒಣಗಿಸಿ. ವಿನೆಗರು ಉಕ್ಕಿಗೆ ಮಾತ್ರ. ಸತುವಿನ ಅಚ್ಚುಭಾಗಕ್ಕೆ ಒಂದು ಹನಿ ಬಿದ್ದರೂ ಮೈ ಮಂಕಾಗುತ್ತದೆ, ಏಕೆಂದರೆ ಆಮ್ಲ ಸತುವನ್ನು ತಿನ್ನುತ್ತದೆ. ಲೋಹದ ಸಂದಿಯಲ್ಲಿದ್ದ ಬಿಳಿ ಪುಡಿ ಸತುವಿನದೇ ತುಕ್ಕು; ಅದನ್ನು ಒಣ ನೈಲಾನ್ ಬ್ರಷ್ಷಿನಿಂದ ಉದುರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಬಟ್ಟೆಯಿಂದ ಒರೆಸಿದರೆ ಸಾಕು. ಬಣ್ಣ ಹಚ್ಚಿದ ಮೈಯಾದರೆ ಆಲ್ಕೊಹಾಲನ್ನು ಮೊದಲು ಒಳಮೂಲೆಯಲ್ಲಿ ಪರೀಕ್ಷಿಸಿ.

ತಲೆ ಕೊರೆದ, ಗುಳಿ ಬಿದ್ದ ತಿರುಪುಗಳನ್ನು ಬದಲಿಸಬೇಕು. ಕೈಗೆ ಸಿಕ್ಕಿತೆಂದು ಎಲ್ಲ ಕಡೆ ಸ್ಟೇನ್‌ಲೆಸ್ ಹಾಕುವುದು ತಪ್ಪು. ಪ್ಲಾಸ್ಟಿಕ್ಕಿನೊಳಗೆ ಕೂರುವ ತಿರುಪಿಗೆ ಸ್ಟೇನ್‌ಲೆಸ್ ಸರಿ; ಸತುವಿನ ಭಾಗವನ್ನು ಮುಟ್ಟುವ ಜಾಗದಲ್ಲಿ ಸತು ಲೇಪಿಸಿದ ಉಕ್ಕಿನ ತಿರುಪೇ ಇರಲಿ. ಕರಾವಳಿಯ ಉಪ್ಪುತೇವದಲ್ಲಿ ಸ್ಟೇನ್‌ಲೆಸ್ಸೂ ಸತುವೂ ತಾಗಿಕೊಂಡಿದ್ದರೆ ಸವೆಯುವುದು ಸತುವೇ. ಅಂದರೆ ಹತ್ತು ಪೈಸೆಯ ತಿರುಪು ಉಳಿದು ಸಿಗದ ಭಾಗ ಹೋಗುತ್ತದೆ.

ಮರಳಿ ಹಾಕುವಾಗ ತಿರುಪನ್ನು ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಎಳೆಯ ತುದಿ ಸಿಕ್ಕಾಗ ತಿರುಪು ಟಕ್ಕನೆ ಒಂದು ಎಳೆ ಕೆಳಗಿಳಿಯುತ್ತದೆ. ಆಗ ಬಲಕ್ಕೆ. ಹೀಗೆ ಮಾಡದೆ ಪ್ರತಿ ಸಲ ಹೊಸ ಎಳೆ ಕೊರೆದರೆ ಮೂರು ನಾಲ್ಕು ಸಲಕ್ಕೆ ಕಂಬದ ಒಳಗೆ ಬರೀ ಪುಡಿ. ಈಗಾಗಲೇ ಹಾಳಾದ ಕಂಬಕ್ಕೆ ದಾರಿ ಇದೆ: ಎಬಿಎಸ್ ಚೂರನ್ನು ಅಸಿಟೋನಿನಲ್ಲಿ ಜೇನಿನ ಹದಕ್ಕೆ ಕರಗಿಸಿ, ರಂಧ್ರಕ್ಕೆ ತುಂಬಿ, ಎರಡು ದಿನ ಒಣಗಲು ಬಿಟ್ಟು, 2 ಮಿಮೀ ತಿರುಪಿಗೆ 1.6 ಮಿಮೀ ಡ್ರಿಲ್ಲಿನಿಂದ ಕೈಯಲ್ಲೇ ಕೊರೆಯಿರಿ. ಯಂತ್ರದ ಡ್ರಿಲ್ಲು ಪ್ಲಾಸ್ಟಿಕ್ಕನ್ನು ಕರಗಿಸಿ ರಂಧ್ರ ಅಗಲ ಮಾಡುತ್ತದೆ.

ಸೊಂಟ

ಸಡಿಲ ಕೀಲಿಗೆ ಎಲ್ಲರೂ ಮೊದಲು ಮಾಡುವುದು ತಿರುಪು ಬಿಗಿಯುವುದು, ಆಮೇಲೆ ಉಗುರುಬಣ್ಣ ಸುರಿಯುವುದು. ಎರಡಕ್ಕೂ ಮುನ್ನ ಸಡಿಲ ಯಾವ ಬಗೆಯದೆಂದು ನೋಡಬೇಕು. ಕಾಲನ್ನು ಹಿಡಿದು ಅಕ್ಷದ ಉದ್ದಕ್ಕೆ, ಅಂದರೆ ಪಕ್ಕಕ್ಕೆ, ಎಳೆದು ತಳ್ಳಿ. ಲೊಟಲೊಟ ಎಂದು ಅಂತರ ಕಂಡರೆ ಭಾಗಗಳ ನಡುವೆ ಜಾಗ ಹೆಚ್ಚಾಗಿದೆ. ಅಂತರವೇ ಇಲ್ಲ, ಆದರೂ ಕಾಲು ತಾನಾಗಿ ತಿರುಗುತ್ತದೆ ಎಂದರೆ ತಿಕ್ಕುವ ಮೈ ಸವೆದು ನುಣುಪಾಗಿದೆ. ಮೊದಲನೆಯದಕ್ಕೆ ಬಿಲ್ಲೆ (ವಾಷರ್), ಎರಡನೆಯದಕ್ಕೆ ಲೇಪ. ಅದಲುಬದಲು ಮಾಡಿದರೆ ಮೊದಲನೆಯದು ಒಂದು ವಾರದಲ್ಲಿ ಮತ್ತೆ ಸಡಿಲ, ಎರಡನೆಯದರಲ್ಲಿ ಕೀಲನ್ನು ಹಿಡಿದ ಪ್ಲಾಸ್ಟಿಕ್ ಕವೆ ಸೀಳುತ್ತದೆ.

ಈ ಪ್ರೈಮ್‌ನ ಬಲಗಾಲಿನಲ್ಲಿ ಅಂತರ ಇದೆ, ಸುಮಾರು 0.3 ಮಿಮೀ, ದಪ್ಪ ಅಳೆಯಲು ಫೀಲರ್ ಗೇಜು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ 80 ಜಿಎಸ್‌ಎಂ ಕಾಗದದ ತುಂಡುಗಳನ್ನು ಒಂದೊಂದಾಗಿ ತೂರಿಸಿ ಎಣಿಸಿ, ಒಂದು ಹಾಳೆ ಸರಿಸುಮಾರು 0.1 ಮಿಮೀ. ಹಳೆಯ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಯೂ ಅಷ್ಟೇ ದಪ್ಪದ ಪಾಲಿಯೆಸ್ಟರ್. ಅದರಿಂದ ಬಿಲ್ಲೆ ಕತ್ತರಿಸಿ: ಮೊದಲು ಒಳರಂಧ್ರವನ್ನು ಚರ್ಮದ ಪಂಚಿನಿಂದ ಹೊಡೆದು, ಆಮೇಲೆ ಹೊರ ಅಂಚನ್ನು ಕತ್ತರಿಯಿಂದ ಕತ್ತರಿಸಬೇಕು. ಕ್ರಮ ತಿರುಗಿಸಿದರೆ ರಂಧ್ರ ನಡುವಿಗೆ ಬರುವುದೇ ಇಲ್ಲ. ಎರಡು ಬಿಲ್ಲೆ ಹಾಕಿ ಜೋಡಿಸಿ, ಮೂರನೆಯದು ಬೇಡ. ಅಂತರವನ್ನು ಪೂರ್ತಿ ತುಂಬಬಾರದು. ತುಂಬಿದರೆ ಕೀಲಿನ ಎರಡೂ ಕಡೆಯ ಪ್ಲಾಸ್ಟಿಕ್ ಹೊರಕ್ಕೆ ಬಾಗಿ ನಿಲ್ಲುತ್ತದೆ. ಬಾಗಿದ ಕಡೆ ಬಿಳಿ ಗೆರೆ ಮೂಡಿದ್ದು ಕಂಡರೆ ತಕ್ಷಣ ಒಂದು ಬಿಲ್ಲೆ ತೆಗೆಯಿರಿ.

ನುಣುಪಾದ ಕೀಲಿಗೆ ನೀರಿನ ಮೂಲದ ಅಕ್ರಿಲಿಕ್ ವಾರ್ನಿಷ್ಷು. ಚಿತ್ರಕಲೆಯ ಸಾಮಗ್ರಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ತಿಕ್ಕುವ ಮೈಯನ್ನು ಸೋಪುನೀರಿನಿಂದ ತೊಳೆದು, ಸಣ್ಣ ಕುಂಚದಲ್ಲಿ ತೆಳುವಾಗಿ ಒಂದು ಕೈ, ಒಂದು ರಾತ್ರಿ ಒಣಗು, ಪರೀಕ್ಷೆ, ಬೇಕಾದರೆ ಇನ್ನೊಂದು ಕೈ. ಉಗುರುಬಣ್ಣದಲ್ಲಿ ಎಥೈಲ್ ಅಸಿಟೇಟು, ಬ್ಯುಟೈಲ್ ಅಸಿಟೇಟು ಇರುತ್ತವೆ. ಎಬಿಎಸ್ಸಿನ ಮೇಲ್ಮೈಯನ್ನು ಅವು ಮೆದು ಮಾಡುತ್ತವೆ. ಒಣಗುವ ಮುನ್ನ ಕೀಲು ಜೋಡಿಸಿದರೆ ಎರಡು ಭಾಗ ಬೆಸೆದುಹೋಗುತ್ತವೆ. ಸೂಪರ್‌ಗ್ಲೂ ಲೇಪವನ್ನು ಬಹಳ ಮಂದಿ ಮಾಡುತ್ತಾರೆ, ಗಟ್ಟಿಯೂ ಹೌದು. ಆದರೆ ಅದರ ಆವಿ ಹತ್ತಿರದ ಕ್ರೋಮು, ಗಾಜಿನಂಥ ಕಿಟಕಿಗಳ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ, ಮತ್ತು ಮುಂದೆ ಅದನ್ನು ತೆಗೆಯಲು ಅಸಿಟೋನ್ ಬೇಕು, ಅಸಿಟೋನು ಎಬಿಎಸ್ಸನ್ನೇ ಕರಗಿಸುತ್ತದೆ. ಹಿಂದಕ್ಕೆ ಬರಲಾಗದ ದುರಸ್ತಿಯನ್ನು ಕೊನೆಯ ಉಪಾಯವಾಗಿಯೇ ಇಡಿ.

ಮುಷ್ಟಿಯ ಗೂಟಕ್ಕೆ ಇದೇ ವಾರ್ನಿಷ್ಷು, ರಂಧ್ರಕ್ಕಲ್ಲ ಗೂಟಕ್ಕೆ. ಗೂಟ ಕಾಣುತ್ತದೆ, ದಪ್ಪ ಅಳೆಯಬಹುದು. ರಂಧ್ರದೊಳಗೆ ತಳದಲ್ಲಿ ವಾರ್ನಿಷ್ಷು ಮಡುಗಟ್ಟಿ ಮುಷ್ಟಿ ಪೂರ್ತಿ ಒಳಗೆ ಹೋಗುವುದಿಲ್ಲ. ಮುಷ್ಟಿಗಳು ಕಳೆದುಹೋಗುವುದು ಪ್ರೈಮ್‌ನ ಖಾಯಂ ಕಾಯಿಲೆ, ಆದ್ದರಿಂದ ಇಲ್ಲಿ ಸ್ವಲ್ಪ ಬಿಗಿಯೇ ಇರಲಿ.

ಪಿನ್ನಿನಿಂದ ಕೂಡಿಸಿದ ಕೀಲು ಬಂದರೆ ಬೇರೆ ಲೆಕ್ಕ. ಉಕ್ಕಿನ ಪಿನ್ನಿನ ಒಂದು ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಕಾರ್ಖಾನೆಯಲ್ಲಿ ಆ ತುದಿ ಕೊನೆಗೆ ಒಳಹೋಗಿ ಪ್ಲಾಸ್ಟಿಕ್ಕನ್ನು ಕಚ್ಚಿರುತ್ತದೆ. ಹೊರತೆಗೆಯುವಾಗ ನುಣುಪು ತುದಿಯ ಕಡೆಯಿಂದ ಬಡಿದು ಹಲ್ಲಿನ ತುದಿಯನ್ನು ಮೊದಲು ಹೊರಡಿಸಬೇಕು. ತಲೆಕೆಳಗಾಗಿ ಬಡಿದರೆ ಹಲ್ಲುಗಳು ಇಡೀ ರಂಧ್ರವನ್ನು ಉತ್ತುಕೊಂಡು ಹೋಗುತ್ತವೆ, ಮುಂದೆ ಆ ಪಿನ್ನು ಯಾವ ಜನ್ಮಕ್ಕೂ ನಿಲ್ಲದು. ಭೂತಗನ್ನಡಿಯಲ್ಲಿ ಎರಡೂ ತುದಿ ನೋಡಿ: ರಂಧ್ರದ ಅಂಚು ಹಲ್ಲುಹಲ್ಲಾಗಿ ಕಾಣುವ ಕಡೆ ಹೊರದಾರಿ. ಕೆಳಗೆ ರಂಧ್ರ ಕೊರೆದ ಮರದ ತುಂಡು ಕೊಟ್ಟು, ಪಿನ್ನಿಗಿಂತ ತುಸು ಸಣ್ಣ ಪಂಚಿನಿಂದ (2 ಮಿಮೀ ಪಿನ್ನಿಗೆ 1.5 ಮಿಮೀ) ಹಗುರ ಸುತ್ತಿಗೆಯಲ್ಲಿ ತಟ್ಟಿ. ಎರಡೂ ಕಡೆ ಒಂದೇ ಥರ ಕಂಡರೆ ಮುಟ್ಟಬೇಡಿ. ಸಡಿಲ ಕೀಲಿನ ರೋಬೋವನ್ನು ಕಪಾಟಿಗೆ ಒರಗಿಸಿ ನಿಲ್ಲಿಸಬಹುದು, ಸೀಳಿದ ತೊಡೆಯನ್ನು ಏನೂ ಮಾಡಲಾಗದು.

ಎಲ್ಲೋ ಕೀಲು ತೀರಾ ಬಿಗಿಯಾಗಿ ಕಿರುಗುಟ್ಟಿದರೆ ಸಿಲಿಕೋನ್ ಗ್ರೀಸು, ಕಡ್ಡಿಯ ತುದಿಯಷ್ಟು. ಬೇರೆ ಯಾವ ಜಿಡ್ಡೂ ಬೇಡ.

ಟ್ರೇಲರಿನ ಸ್ಪ್ರಿಂಗು, ಮುರಿದ ಗೂಟ

ರೋಲರ್ ಚಿಮ್ಮಿಸುವ ಸ್ಪ್ರಿಂಗು ತುಕ್ಕಿನಿಂದ ತೆಳುವಾಗಿದೆ, ಎಳೆದು ಉದ್ದ ಮಾಡಿದರೆ ಎರಡು ದಿನ ಕೆಲಸ ಮಾಡಿ ಮತ್ತೆ ಕುಗ್ಗುತ್ತದೆ. ಹೊಸದೇ ಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಸಣ್ಣ ಸ್ಪ್ರಿಂಗುಗಳು ಸಿಗುತ್ತವೆ, ಆದರೆ ಕೈಯಲ್ಲಿ ಹಳೆಯದನ್ನು ಹಿಡಿದು ‘ಇಂಥದ್ದೇ’ ಎಂದರೆ ನೋಟಕ್ಕೆ ಹೋಲುವ ತಪ್ಪು ಸ್ಪ್ರಿಂಗು ಬರುತ್ತದೆ. ನಾಲ್ಕು ಅಳತೆ ಬರೆದುಕೊಳ್ಳಿ: ತಂತಿಯ ದಪ್ಪ, ಹೊರವ್ಯಾಸ, ಒತ್ತಡವಿಲ್ಲದಾಗಿನ ಉದ್ದ, ಸುತ್ತುಗಳ ಸಂಖ್ಯೆ. ತಂತಿಯ ದಪ್ಪವನ್ನು ತುಕ್ಕಿಲ್ಲದ ಕಡೆ ಅಳೆಯಿರಿ. ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ, ಸುರುಳಿಯ ಸರಾಸರಿ ವ್ಯಾಸದ ಮೂರನೇ ಘಾತಕ್ಕೆ ಇಳಿಯುತ್ತದೆ. ಅಂದರೆ 0.5 ಮಿಮೀ ತಂತಿಯ ಜಾಗಕ್ಕೆ 0.6 ಮಿಮೀ ಹಾಕಿದರೆ, ಉಳಿದದ್ದೆಲ್ಲ ಒಂದೇ ಇದ್ದರೂ, ಬಿಗಿತ ಎರಡು ಪಟ್ಟು. ಕಣ್ಣಿಗೆ ಕಾಣದ ಈ 0.1 ಮಿಮೀ ಕೊಕ್ಕೆಯ ಮೇಲೆ ಬೀಳುತ್ತದೆ. ಕೊಕ್ಕೆ ಪ್ಲಾಸ್ಟಿಕ್ಕಿನದು, ಬೆರಳುಗುರಿನಷ್ಟು ದಪ್ಪ. ಅನುಮಾನ ಬಂದರೆ ತೆಳುವಾದ ತಂತಿಯನ್ನೇ ಆರಿಸಿ. ಗಾಡಿ ಒಂದು ಗೇಣು ಕಡಿಮೆ ಓಡಿದರೆ ನಷ್ಟವೇನಿಲ್ಲ.

ಅಮೆರಿಕದ ಪ್ರತಿಗಳಲ್ಲಿ ಕ್ಷಿಪಣಿ ಹಾರಿಸುವ ಸ್ಪ್ರಿಂಗುಗಳು ಸುರಕ್ಷತೆಯ ನಿಯಮಕ್ಕಾಗಿ ಮೊದಲಿನಿಂದಲೂ ದುರ್ಬಲ. ಅವು ಕೆಟ್ಟಿಲ್ಲ, ಹಾಗೆಯೇ ತಯಾರಾದವು. ಸರಿಪಡಿಸಲು ಕೂರಬೇಡಿ.

ಟ್ರೇಲರಿನ ಕಾಲಿನ ಮುರಿದ ಗೂಟಕ್ಕೆ ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ಮುರಿದ ಮುಖದ ಮೂಲೆಗೆ ಕಡ್ಡಿಯ ತುದಿಯಿಂದ ಅಸಿಟೋನ್ ಮುಟ್ಟಿಸಿ: ಅಂಟಂಟಾದರೆ ಎಬಿಎಸ್ ಅಥವಾ ಸ್ಟೈರೀನ್, ಬೆಸುಗೆ ಸಾಧ್ಯ. ಏನೂ ಆಗದಿದ್ದರೆ ಅಸಿಟಾಲ್ ಅಥವಾ ಪಾಲಿಪ್ರೊಪಿಲೀನ್. ಚೂರು ನೀರಿನಲ್ಲಿ ತೇಲಿದರೆ ಪಾಲಿಪ್ರೊಪಿಲೀನ್. ಇವೆರಡಕ್ಕೆ ಯಾವ ಅಂಟೂ ಸಾಲದು, ತಂತಿಯ ಆಧಾರವೇ ಗತಿ. ಇಲ್ಲಿ ಅಂಟಂಟಾಯಿತು. ಎರಡೂ ಮುಖದ ನಡುವಿಗೆ 0.8 ಮಿಮೀ ಡ್ರಿಲ್ಲಿನಿಂದ 4 ಮಿಮೀ ಆಳ ಕೊರೆದು, 0.8 ಮಿಮೀ ಹಿತ್ತಾಳೆ ತಂತಿ ತೂರಿಸಿ, ಡೈಕ್ಲೋರೋಮೀಥೇನ್ ಒಂದು ಹನಿಯನ್ನು ಬಿರುಕಿಗೆ ಕುಂಚದಿಂದ ಹರಿಸಬೇಕು. ದ್ರವ ತಾನೇ ಸಂದಿಗೆ ಇಳಿಯುತ್ತದೆ. ಕಿಟಕಿ ತೆರೆದಿಟ್ಟು, ಫ್ಯಾನು ಹೊರಮುಖವಾಗಿಟ್ಟು ಮಾಡುವ ಕೆಲಸ ಇದು; ಆವಿ ಒಳ್ಳೆಯದಲ್ಲ, ತೆಳು ರಬ್ಬರ್ ಕೈಗವಸನ್ನು ಅದು ದಾಟುತ್ತದೆ. 24 ಗಂಟೆ ಬಿಡಿ. ಐದು ನಿಮಿಷದ ಎಪಾಕ್ಸಿ ಗೂಟದ ಕೆಲಸಕ್ಕೆ ಬಾರದು, ಮಡಚಿ ತೆರೆಯುವ ಹೊಡೆತಕ್ಕೆ ಸಿಪ್ಪೆಯಾಗಿ ಏಳುತ್ತದೆ.

ರಂಧ್ರ ಕೊರೆಯುವ ಮುನ್ನ ನಡುಬಿಂದು ಗುರುತಿಸಲು ಸುಲಭ ದಾರಿ: ಒಂದು ಮುಖದ ನಡುವಿಗೆ ಪೆನ್ಸಿಲ್ಲಿನ ಚುಕ್ಕೆಯ ಬದಲು ಒದ್ದೆ ಬಣ್ಣದ ಚುಕ್ಕೆ ಇಟ್ಟು ಎರಡು ತುಂಡುಗಳನ್ನು ಒತ್ತಿ ಬಿಡಿಸಿ. ಎದುರು ಮುಖದಲ್ಲಿ ಅದೇ ಜಾಗಕ್ಕೆ ಮುದ್ರೆ ಬೀಳುತ್ತದೆ.

ಹಳದಿ

ಪ್ರೌಲ್‌ನ ಬಿಳಿ ಭಾಗಗಳ ವಿಷಯಕ್ಕೆ ಬಂದರೆ, ಹಳೆಯ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಹೇಳುವ ಕಾರಣವನ್ನು, ಅಂದರೆ ಬೆಂಕಿ ತಡೆಯಲು ಬೆರೆಸಿದ ಬ್ರೋಮಿನ್ ಎಂಬುದನ್ನು, ಆಟಿಕೆಗೆ ಹಾಗೆಯೇ ಅನ್ವಯಿಸುವ ಅಗತ್ಯವಿಲ್ಲ. ಎಬಿಎಸ್ಸಿನೊಳಗಿನ ಬ್ಯುಟಡೈಯೀನ್ ರಬ್ಬರಿನ ಅಂಶ ಬೆಳಕು, ಶಾಖ, ಆಮ್ಲಜನಕಕ್ಕೆ ಸಿಕ್ಕಿ ಬದಲಾಗುವುದೇ ಹಳದಿಗೆ ಸಾಕು. ಹೈಡ್ರೋಜನ್ ಪೆರಾಕ್ಸೈಡು ಮತ್ತು ಅತಿನೇರಳೆ ಬೆಳಕು ಸೇರಿ ಆ ಬಣ್ಣದ ಅಣುಗಳನ್ನು ಒಡೆಯುತ್ತವೆ. ಪ್ಲಾಸ್ಟಿಕ್ ಹೊಸದಾಗುವುದಿಲ್ಲ, ಬಣ್ಣ ಮಾತ್ರ ಹೋಗುತ್ತದೆ. ಅದೇ ಬೆಳಕು, ಅದೇ ಸೆಕೆ ಮುಂದುವರಿದರೆ ಹಳದಿ ಮತ್ತೆ ಬರುತ್ತದೆ.

ಔಷಧ ಅಂಗಡಿಯಲ್ಲಿ ಸಿಗುವುದು 6 ಪ್ರತಿಶತದ ದ್ರವ, ಶೀಶೆಯ ಮೇಲೆ 20 ವಾಲ್ಯೂಮ್ ಎಂದಿರುತ್ತದೆ. ಅದೇ ಸಾಕು. ಕೂದಲಿಗೆ ಬಣ್ಣ ಹಾಕುವವರ 12 ಪ್ರತಿಶತದ ಕ್ರೀಮು ಬೇಗ ಕೆಲಸ ಮಾಡುತ್ತದೆ, ಆದರೆ ಎಲ್ಲಿ ಒಣಗಿತೋ ಅಲ್ಲಿ ಮಾರ್ಬಲ್ಲಿನಂಥ ಬಿಳಿ ಪಟ್ಟೆ ಉಳಿಯುತ್ತದೆ, ಆ ಪಟ್ಟೆಯನ್ನು ತೆಗೆಯುವ ಉಪಾಯವಿಲ್ಲ. ಮುಳುಗಿಸುವುದೇ ಮೇಲು.

ಮುಳುಗಿಸುವ ಮುನ್ನ ಬಿಳಿ ಭಾಗ ಒಂಟಿಯಾಗಿರಬೇಕು. ಉಕ್ಕಿನ ಪಿನ್ನು, ತಿರುಪು, ಸ್ಪ್ರಿಂಗು ಪೆರಾಕ್ಸೈಡಿನಲ್ಲಿ ತುಕ್ಕು ಬಿಟ್ಟು ಬಿಳಿ ಪ್ಲಾಸ್ಟಿಕ್ಕಿಗೆ ಕೆಂಪು ಕಲೆ ಹತ್ತಿಸುತ್ತವೆ. ಸತುವಿನ ಭಾಗ ಮಂಕಾಗುತ್ತದೆ. ಕ್ರೋಮು ಎದ್ದುಹೋಗಬಹುದು. ಸ್ಟಿಕ್ಕರು ಮಸುಕಾಗುತ್ತದೆ. ಪಿನ್ನನ್ನು ತೆಗೆಯಲಾಗದ ಭಾಗವಿದ್ದರೆ ಮುಳುಗಿಸುವ ಯೋಚನೆ ಬಿಡಿ. ಅದನ್ನು ಹಳದಿಯಾಗಿಯೇ ಬಿಟ್ಟು ಉಳಿದದ್ದನ್ನು ಬಿಳುಪು ಮಾಡಿದರೆ ಬಣ್ಣದ ಅಂತರ ಇನ್ನೂ ಎದ್ದು ಕಾಣುತ್ತದೆ, ಆಗ ಎಲ್ಲವನ್ನೂ ಅರ್ಧದಲ್ಲಿ ನಿಲ್ಲಿಸುವುದೇ ಜಾಣತನ.

ಗಾಜಿನ ಅಗಲ ಪಾತ್ರೆ, ಭಾಗಗಳು ಪೂರ್ತಿ ಮುಳುಗುವಷ್ಟು ದ್ರವ; ಪ್ರೌಲ್‌ನ ಗಾತ್ರಕ್ಕೆ ಅರ್ಧ ಲೀಟರು ಸಾಕು. ತೇಲುವ ಭಾಗದ ಮೇಲೆ ಗಾಜಿನ ಲೋಟ ಇಡಿ. ಮುಚ್ಚಳವನ್ನು ಬಿಗಿಯಬೇಡಿ, ಆಮ್ಲಜನಕ ಹೊರಬರುತ್ತಿರುತ್ತದೆ, ಬಿಗಿದ ಡಬ್ಬ ಸಿಡಿಯಬಹುದು. ಕೈಗವಸು, ಕನ್ನಡಕ ಬೇಕೇಬೇಕು. ಬಿಸಿಲಿಗೆ ಇಟ್ಟರೆ ಬೆಳಗ್ಗೆ 9ರಿಂದ 12ರವರೆಗೆ. ಏಪ್ರಿಲ್ ಮಧ್ಯಾಹ್ನದ ತಾರಸಿಯಲ್ಲಿ ದ್ರವ ಕಾದು ಪೆರಾಕ್ಸೈಡು ಬೇಗ ಒಡೆದುಹೋಗುತ್ತದೆ, ತೆಳುವಾದ ಬಾಗಿಲುಗಳು ಸೊಟ್ಟಗಾಗುವ ಭಯವೂ ಇದೆ. 45 ಡಿಗ್ರಿ ದಾಟಬಾರದು. ಮಳೆಗಾಲದಲ್ಲಿ 365ರಿಂದ 395 ನ್ಯಾನೋಮೀಟರಿನ ಎಲ್‌ಇಡಿ ದೀಪ, ಸುತ್ತ ಅಲ್ಯುಮಿನಿಯಂ ಹಾಳೆ. ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೈಗೆ ಅಂಟಿದ ಗುಳ್ಳೆಗಳನ್ನು ಕುಂಚದಿಂದ ಬಿಡಿಸಿ. ಗುಳ್ಳೆ ಕೂತ ಜಾಗಕ್ಕೆ ದ್ರವ ತಲುಪದೆ ಚುಕ್ಕೆ ಉಳಿಯುತ್ತದೆ.

ಯಾವಾಗ ನಿಲ್ಲಿಸಬೇಕು ಎನ್ನುವುದೇ ಇಡೀ ಕೆಲಸದ ಕಷ್ಟ. ಒದ್ದೆಯಾಗಿರುವಾಗ ಬಿಳುಪು ನಿಜಕ್ಕಿಂತ ಕಡಿಮೆ ಕಾಣುತ್ತದೆ. ಹೋಲಿಕೆಗೆ ಯಾವಾಗಲೂ ಬೆಳಕು ಬೀಳದ ಒಳಮೈಯನ್ನು ನೋಡಿ, ಅದು ಮೂಲದ ಬಣ್ಣ. ಆ ಬಣ್ಣಕ್ಕೆ ಒಂದು ಛಾಯೆ ಹಿಂದೆ ಇರುವಾಗಲೇ ಹೊರತೆಗೆದು ತೊಳೆಯಿರಿ. ಅತಿಯಾದರೆ ಮೈ ಸುಣ್ಣದಂತೆ ಪುಡಿಪುಡಿಯಾಗಿ, ಹೊಳಪು ಶಾಶ್ವತವಾಗಿ ಹೋಗುತ್ತದೆ.

ಬಂಗಾರದ ಮಿನುಗಿನ ಪ್ಲಾಸ್ಟಿಕ್ ಇರುವ ಆಟಿಕೆಗಳು ಕೈಗೆ ಬಂದರೆ ಈ ಯಾವ ವಿಧಾನವೂ ನಡೆಯದು. 80ರ ದಶಕದ ಕೊನೆಯ ಬ್ಲಾಕ್ ಝಾರಾಕ್‌ನಂಥವುಗಳಲ್ಲಿ ಮಿನುಗು ಬೆರೆಸಿದ ಪ್ಲಾಸ್ಟಿಕ್ಕೇ ಒಳಗಿನಿಂದ ಬಿಸ್ಕತ್ತಿನಂತಾಗಿರುತ್ತದೆ, ಆಡಿಸದೆ ಡಬ್ಬದಲ್ಲಿಟ್ಟರೂ ಅಷ್ಟೆ. ರೂಪ ಬದಲಿಸಬೇಡಿ, ತಿರುಪು ಬಿಚ್ಚಬೇಡಿ.

ಕ್ರೋಮು, ಸ್ಟಿಕ್ಕರು, ಗಿಡ್ಡ ಹೊಗೆಗೊಳವೆ

ಪ್ಲಾಸ್ಟಿಕ್ಕಿನ ಮೇಲಿನ ಕ್ರೋಮು ನಿಜಕ್ಕೂ ಕ್ರೋಮಿಯಂ ಅಲ್ಲ: ಅಡಿಗೊಂದು ಮೆರುಗು, ನಡುವೆ ನಿರ್ವಾತದಲ್ಲಿ ಕೂರಿಸಿದ ಅಲ್ಯುಮಿನಿಯಂ ಪೊರೆ, ಮೇಲೊಂದು ಮೆರುಗು. ಆಲ್ಕೊಹಾಲು, ಗಾಜು ಒರೆಸುವ ಅಮೋನಿಯಾ ದ್ರವ, ಬ್ಲೀಚು ಯಾವುದೂ ಬೇಡ. ಮೆದು ಕುಂಚ, ಎರಡು ಹನಿ ಪಾತ್ರೆ ಸೋಪು, ನೀರು. ಸವೆದ ಅಂಚಿಗೆ ಮೊಲೊಟೊ ಲಿಕ್ವಿಡ್ ಕ್ರೋಮ್ ಪೆನ್ನಿನ 1 ಮಿಮೀ ತುದಿ ಸರಿಹೊಂದುತ್ತದೆ. ಒರೆಸಿದಂತೆ ಹಚ್ಚಬಾರದು, ಸಣ್ಣ ಹನಿಯಾಗಿ ಕೂರಿಸಿ ತಾನೇ ಹರಡಲು ಬಿಡಬೇಕು. ಮೂರು ದಿನ ಬೆರಳು ಮುಟ್ಟಿಸಬೇಡಿ. ಮೇಲೆ ವಾರ್ನಿಷ್ಷು ಹಚ್ಚಿದರೆ ಕನ್ನಡಿಯಂಥ ಹೊಳಪು ಹೋಗಿ ಬೂದು ಬೆಳ್ಳಿಯಾಗುತ್ತದೆ. ಹಾಗಾಗಿ ಕೈ ತಾಗದ ಜಾಗಕ್ಕೆ ಮಾತ್ರ ಈ ಪೆನ್ನು.

ಎದ್ದ ಸ್ಟಿಕ್ಕರಿನ ಅಡಿಗೆ ಧೂಳು ಸೇರಿಲ್ಲವಾದರೆ, ಮರದ ಹಲ್ಲುಕಡ್ಡಿಯಿಂದ ನೀರಿನ ಮೂಲದ ಅಕ್ರಿಲಿಕ್ ಅಂಟನ್ನು ತೆಳುವಾಗಿ ಸವರಿ ಒತ್ತಿದರೆ ಸಾಕು. ಪೂರ್ತಿ ಬದಲಿಸಬೇಕಾದರೆ ಹೇರ್‌ಡ್ರೈಯರಿನ ಸಣ್ಣ ಬಿಸಿಯಲ್ಲಿ ಹಲ್ಲಿನ ದಾರವನ್ನು ಅಡಿಗೆ ಎಳೆದಾಡಿ ಬಿಡಿಸಿ. ಉಳಿದ ಅಂಟಿಗೆ ಲೈಟರಿನ ನಾಫ್ತಾ, ಎಬಿಎಸ್ ಮೇಲೆ ಮಾತ್ರ. ಪಾರದರ್ಶಕ ಕಿಟಕಿಗೆ ತಾಗಿದರೆ ಬಿರುಕಿನ ಜಾಲ ಬೀಳಬಹುದು. ಹೊಸ ಸ್ಟಿಕ್ಕರು ಕೂರಿಸುವ ಮುನ್ನ ಜಾಗಕ್ಕೆ ಸೋಪುನೀರಿನ ಒಂದು ಹನಿ ಇಟ್ಟರೆ ಅತ್ತಿತ್ತ ಸರಿಸಿ ನೇರ ಮಾಡಲು ಸಮಯ ಸಿಗುತ್ತದೆ. 1985ರಿಂದ ಮೂಲ ಆಟಿಕೆಗಳ ಮೇಲೆ ಬಂದ, ಬೆರಳು ಉಜ್ಜಿದರೆ ಚಿಹ್ನೆ ಮೂಡುವ ಶಾಖದ ಸ್ಟಿಕ್ಕರಿಗೆ ಡ್ರೈಯರು ಹಿಡಿಯಬಾರದು.

ಈ ಪ್ರೈಮ್‌ನ ಹೊಗೆಗೊಳವೆಗಳು ಗಿಡ್ಡ. ಹ್ಯಾಸ್ಬ್ರೋ ಸುರಕ್ಷತೆಗಾಗಿ ಚಿಕ್ಕದು ಮಾಡಿದ್ದು, ಮುರಿದದ್ದಲ್ಲ. ಮಾರುವವರು ಇದನ್ನು ‘ಮುರಿದಿದೆ’ ಎಂದು ಅಗ್ಗಕ್ಕೆ ಕೊಟ್ಟರೆ ಕೊಳ್ಳುವವರಿಗೆ ಲಾಭ. ಉದ್ದದ ಕೊಳವೆಗಳನ್ನು 3ಡಿ ಮುದ್ರಣದಲ್ಲಿ ತಯಾರಿಸಿ ಮಾರುವವರಿದ್ದಾರೆ. ಆದರೆ ಅದನ್ನು ಕೂರಿಸಲು ಇರುವುದನ್ನು ಕತ್ತರಿಸಬೇಕು, ಹೊಸದರ ಕ್ರೋಮು ಹಳೆಯ ಕ್ರೋಮಿಗೆ ಎಂದೂ ಹೊಂದದು, ಮತ್ತು ಕತ್ತರಿಸಿದ ಮೇಲೆ ಅದು 2002ರ ಪ್ರತಿಯೂ ಅಲ್ಲ, ಟಕಾರಾದ್ದೂ ಅಲ್ಲ. ಗಿಡ್ಡವೇ ಇರಲಿ. ಉದ್ದ ಕೊಳವೆ ಬೇಕೆನ್ನುವವರು ಜಪಾನಿನ ಪ್ರತಿ ಹುಡುಕುವುದೇ ಸರಿಯಾದ ದಾರಿ.

ಮರಳಿ ಕಪಾಟಿಗೆ

ಜೋಡಿಸಿದ ಮೇಲೆ ಮೊದಲ ಸಲ ರೂಪ ಬದಲಿಸುವಾಗ ಪ್ರತಿ ಕೀಲನ್ನು ಒಂದೊಂದಾಗಿ, ಪೂರ್ತಿ ಸುತ್ತು ತಿರುಗಿಸಿ ನೋಡಿ. ವಾರ್ನಿಷ್ಷು ಹಚ್ಚಿದ ಕೀಲು ಮೊದಲ ಕೆಲವು ಸಲ ಬಿಗಿಯಾಗಿದ್ದು ಆಮೇಲೆ ಹದಕ್ಕೆ ಬರುತ್ತದೆ. ಪರೀಕ್ಷೆ ಸರಳ: ರೋಬೋವನ್ನು ಅಂಗಾತ ಹಿಡಿದಾಗ ಕಾಲು ತನ್ನ ಭಾರಕ್ಕೆ ಬೀಳಬಾರದು, ಒಂದು ಬೆರಳಿನಿಂದ ತಳ್ಳಿದರೆ ಇಳಿಯಬೇಕು.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ವಿಪರೀತ. ಗಾಜಿನ ಬಾಗಿಲಿನ ಕಪಾಟಿನೊಳಗೆ ತೇವಮಾಪಕ ಇಟ್ಟು 40ರಿಂದ 50 ಪ್ರತಿಶತದೊಳಗೆ ಹಿಡಿಯಲು ನೋಡಿ. ಬಣ್ಣ ಬದಲಿಸುವ ಸಿಲಿಕಾ ಹರಳುಗಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಇಟ್ಟು, ಬಣ್ಣ ತಿರುಗಿದಾಗ ಬಿಸಿ ಮಾಡಿ ಮರಳಿ ಬಳಸಬಹುದು. ರಬ್ಬರಿನಂಥ ಮೆದು ಟೈರುಗಳು ಬೇರೆ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡಿರಬಾರದು. ಮೆದು ಪಿವಿಸಿಯಿಂದ ಇಳಿಯುವ ಎಣ್ಣೆ ಎಬಿಎಸ್ಸನ್ನು ಕರಗಿಸಿ ಗುಳಿ ಮಾಡುತ್ತದೆ, ಒಂದೆರಡು ವರ್ಷದಲ್ಲಿ ಟೈರಿನ ಅಚ್ಚು ಕಪಾಟಿನ ಹಾಸಿಗೂ ಬೀಳುತ್ತದೆ. ನಡುವೆ ಬೇಕಿಂಗ್ ಕಾಗದದ ತುಂಡು ಇಡಿ. ರೋಲರನ್ನು ಟ್ರೇಲರಿನಲ್ಲಿ ಕೊಕ್ಕೆ ಹಾಕಿ ಇಡಬೇಡಿ, ಸ್ಪ್ರಿಂಗು ಬಿಡುಗಡೆಯಾಗಿಯೇ ಇರಲಿ. ಡಬ್ಬದೊಳಗೆ ಒಂದು ಚೀಟಿ: ಯಾವ ತಿರುಪು ಬದಲಾಗಿದೆ, ಸ್ಪ್ರಿಂಗಿನ ನಾಲ್ಕು ಅಳತೆ, ಸೊಂಟದಲ್ಲಿ ಎಷ್ಟು ಬಿಲ್ಲೆ, ಯಾವ ಭಾಗಗಳು ಪೆರಾಕ್ಸೈಡಿಗೆ ಹೋಗಿವೆ. ಮುಂದೆ ಬಿಚ್ಚುವವರು ಬಲಗಾಲನ್ನು ತೆರೆದಾಗ ಪಾರದರ್ಶಕ ಬಿಲ್ಲೆಗಳು ಕಣ್ಣಿಗೆ ಬೀಳದೆ ನೆಲಕ್ಕೆ ಉದುರುತ್ತವೆ, ಅದಕ್ಕೇ ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.